ಎರಡು ಗೇಣು, ಮೇಲೆ ನಾಲ್ಕು ಬೆರಳು

ಹೋದ ವರ್ಷ ದೀಪಾವಳಿ ಮುಗಿದ ಮರುವಾರ ಶುರುವಾದ ಸಂಗತಿ ಇದು. ಹುಬ್ಬಳ್ಳಿಯಲ್ಲಿ ನನ್ನದು ಹಳೆಯ ಯಂತ್ರಗಳ ಬಿಡಿಭಾಗದ ಅಂಗಡಿ. ರಸ್ತೆ ಬದಿಗೆ ಗೋಣಿಚೀಲ ಹಾಸಿ ನಟ್ಟು-ಬೋಲ್ಟು ಮಾರುತ್ತ ಮೇಲೆ ಬಂದವನು ನಾನು. ಯಾವ ಗಿರಾಕಿ ಚೌಕಾಶಿಯಲ್ಲಿ ಎಲ್ಲಿಗೆ ಇಳಿಯುತ್ತಾನೆಂದು ಅವನು ಬಾಯಿ ತೆರೆಯುವ ಮೊದಲೇ ಹೇಳಬಲ್ಲೆ. ಒಂದು ಕಿವಿಮಾತು ಈಗಲೇ ಹೇಳಿಬಿಡುತ್ತೇನೆ: ಸಾಮಾನು ಬೇಕೇ ಬೇಕೆಂದು ಮುಖದಲ್ಲಿ ತೋರಿಸಿದವನು ಅರ್ಧ ಸೋತಂತೆ.

ಆ ವಾರ ಗಿರಾಕಿಯೊಬ್ಬರು ಮೊಬೈಲಿನಲ್ಲಿ ಒಂದು ಸಂದೇಶ ತೋರಿಸಿದರು. ಧಾರವಾಡದಲ್ಲಿ ನಿವೃತ್ತ ಮಾಸ್ತರೊಬ್ಬರ ಮನೆಯ ಹಿಂದಿನ ಶೆಡ್ಡಿನಲ್ಲಿ ಜನ ಸೇರುತ್ತಾರಂತೆ. ಅರ್ಧಕ್ಕೆ ಬಿಟ್ಟ ತಮ್ಮ ತಮ್ಮ ಕೆಲಸವನ್ನು ಮೂವತ್ತು ದಿನದಲ್ಲಿ ಜೊತೆಗೂಡಿ ಮುಗಿಸುತ್ತಾರಂತೆ. ಫೀ ಇಲ್ಲ, ಬಹುಮಾನವೂ ಇಲ್ಲ. ಬಹುಮಾನವಿಲ್ಲದೆ ಜನ ಯಾಕೆ ಬರುತ್ತಾರೆ ಎಂಬ ಕುತೂಹಲ ನನಗೆ. ಜೊತೆಗೆ, ಅಷ್ಟು ಜನ ಏನೇನೋ ಕಟ್ಟುತ್ತಾರೆಂದರೆ ಸ್ಕ್ರೂ ಬೇಕಲ್ಲವೇ? ಭಾನುವಾರ ಚೀಲ ತುಂಬಿಕೊಂಡು ಹೋದೆ.

ಪಾಟೀಲ ಮಾಸ್ತರು ಬಾಗಿಲಲ್ಲೇ ತಡೆದರು. "ಚೀಲ ಐತಿ, ಛಲೋ ಆತು. ನಿಮ್ಮ ಅರ್ಧಾ ಕೆಲಸ ಎಲ್ಲೈತ್ರಿ?"

"ನನ್ನದೇನಿಲ್ರಿ ಸರ್. ನಾ ಸಾಮಾನು ಕೊಡಾಂವ."

"ಅರ್ಧಾ ಕೆಲಸ ಇಲ್ಲದ ಮನಷ್ಯಾನ್ನ ನಾ ಇನ್ನೂ ನೋಡಿಲ್ಲ. ನೆನಪು ಮಾಡ್ಕೊಂಡು ಒಳಗ ಬರ್ರಿ."

ನೆನಪು ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಧಾರವಾಡದ ಹತ್ತಿರದ ಗರಗದಲ್ಲಿರುವ ನನ್ನ ಅಕ್ಕ ಗಂಗಕ್ಕ ಖಾದಿ ನೂಲುವವಳು. ನನ್ನ ಮೊದಲ ಗೋಣಿಚೀಲದ ಸಾಮಾನು ಬಂದದ್ದು ಅವಳ ನೂಲಿನ ದುಡಿಮೆಯಿಂದಲೇ. ಮೂರು ವರ್ಷದ ಹಿಂದೆ ಬಿದ್ದು ಅವಳ ಬಲಭುಜ ಹಿಡಿದುಕೊಂಡಿತು. ಬೆರಳುಗಳು ಚೆನ್ನಾಗಿವೆ, ಕಡಿದ ಎಳೆ ಕೂಡಿಸಬಲ್ಲಳು. ಚರಕದ ಹಿಡಿಕೆ ತಿರುಗಿಸಲು ಮಾತ್ರ ಆಗದು. ಕಾಲಿನಿಂದ ತಿರುಗುವ ಹಾಗೆ ಮಾಡಿಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅದಕ್ಕೆಂದು ತಂದ ಹಳೆಯ ಹೊಲಿಗೆ ಯಂತ್ರದ ಪೆಡಲ್ ಸ್ಟ್ಯಾಂಡು ಅಂಗಡಿಯ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಚರಕವೇನೂ ಅಕ್ಕನದಲ್ಲ, ಖಾದಿ ಕೇಂದ್ರದ್ದು. ಇನ್ನೊಂದು ತಿಂಗಳು ನೋಡಿ, ಹಾಗೇ ನಿಂತಿದ್ದರೆ ನೂಲುವ ಬೇರೆಯವರಿಗೆ ಕೊಡುತ್ತೇವೆ ಎಂದು ಅವರು ಹೇಳಿ ಹೋಗಿದ್ದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಶೆಡ್ಡಿನ ಗೋಡೆಯ ಮೇಲೆ ಎಲ್ಲರೂ ಸೀಮೆಸುಣ್ಣದಿಂದ ಹೆಸರು, ಕೆಲಸ ಬರೆಯಬೇಕಿತ್ತು. 'ಈರಣ್ಣ: ಅಕ್ಕನ ಚರಕಕ್ಕೆ ಪೆಡಲ್' ಎಂದು ಬರೆದೆ. ವಿಚಿತ್ರ ನೋಡಿ, ಅಕ್ಕನಿಗೆ ಕೊಟ್ಟ ಮಾತು ಮೂರು ವರ್ಷ ನನ್ನನ್ನು ಚುಚ್ಚಿರಲಿಲ್ಲ. ಗುರುತಿಲ್ಲದ ಜನ ಓದುವ ಆ ಒಂದು ಸಾಲು ಹುಬ್ಬಳ್ಳಿ ಮುಟ್ಟುವವರೆಗೂ ಚುಚ್ಚಿತು.

ಪ್ರತಿ ಭಾನುವಾರ ಕೆಲಸ ಎಲ್ಲಿಗೆ ಬಂತೆಂದು ಎಲ್ಲರ ಮುಂದೆ ತೋರಿಸಬೇಕು. ನನ್ನ ಪಕ್ಕ ಕೂರುತ್ತಿದ್ದವರು ಮುಮ್ತಾಜ್ ಎಂಬ ಟೇಲರ್. ನಿಶ್ಚಿತಾರ್ಥದ ವರ್ಷ ಗಂಡನಿಗೆಂದು ಶುರು ಮಾಡಿದ ಕಸೂತಿ ಕುರ್ತಾ ಅವರದು. "ಏನ್ ಮಾಡ್ಲಿ ಕಾಕಾ, ಅವರ ಹೊಟ್ಟಿ ಮುಂದ ಓಡಾಕತ್ತೈತಿ, ನನ್ನ ಸೂಜಿ ಹಿಂದ ಉಳದೈತಿ" ಅನ್ನುತ್ತಿದ್ದರು. ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಆದರೆ ಮುಂದಿನ ಭಾನುವಾರ ಅವರ ಕೊರಳಪಟ್ಟಿಯಲ್ಲಿ ಹೊಸ ಹೂವು ಕಂಡರೆ, ಬರಿಗೈಯಲ್ಲಿ ಬಂದ ನಾನು ತಲೆ ತಗ್ಗಿಸುತ್ತಿದ್ದೆ.

ನನ್ನ ಕೆಲಸ ಮುಂದೆ ಹೋಗುತ್ತಿರಲಿಲ್ಲ, ದಪ್ಪ ಆಗುತ್ತಿತ್ತು. ಪೆಡಲ್ ಇದ್ದರೆ ಒಂದು ಸಣ್ಣ ಮೋಟರೂ ಇರಲಿ, ನೂಲುವ ಹತ್ತಿಯ ಹಂಜಿ ಇಡಲು ಪೆಟ್ಟಿಗೆ ಇರಲಿ, ಒಂದು ದೀಪ ಇರಲಿ. ಅಂಗಡಿಯಲ್ಲಿ ಸಾಮಾನಿಗೇನು ಬರ? ಮೂರನೆಯ ಭಾನುವಾರದ ಹೊತ್ತಿಗೆ ಎಲ್ಲವೂ ಇತ್ತು, ಒಂದೂ ತಿರುಗುತ್ತಿರಲಿಲ್ಲ. ಮಾಸ್ತರ ಹತ್ತಿರ ಹೋಗಿ ನನಗೆ ಗೊತ್ತಿದ್ದ ವಿದ್ಯೆ ತೆಗೆದೆ.

"ಸರ್, ಬರೇ ಹತ್ತು ದಿನ ಹೆಚ್ಚಿಗಿ ಕೊಡ್ರಿ. ಬ್ಯಾಡ, ಏಳು. ಹೋಗ್ಲಿ, ಐದಕ್ಕ ಮುಗಸೋಣು."

ಮಾಸ್ತರು ಕನ್ನಡಕ ಒರೆಸಿಕೊಂಡರು. "ಈರಣ್ಣಾರ, ನಿಮ್ಮ ಅಂಗಡ್ಯಾಗ ಫಿಕ್ಸ್ ರೇಟಿಂದು ಏನರ ಐತೇನು?"

"ಏನೂ ಇಲ್ರಿ."

"ಇಲ್ಲೆ ಒಂದೈತಿ. ದಿನ. ಅದರಾಗ ಚೌಕಾಶಿ ಇಲ್ಲ. ಕೆಲಸದಾಗ ಬೇಕಾದಷ್ಟು ಇಳಸ್ರಿ, ನಾ ಬಾಯಿ ತೆಗ್ಯೂದಿಲ್ಲ."

"ನಾನೂ ಇಳಿಸೇನಿ ಕಾಕಾ" ಎಂದರು ಮುಮ್ತಾಜ್. "ತೋಳಿನ ಕಸೂತಿ ಬಿಟ್ಟುಬಿಟ್ಟೆ. ಬರೇ ಕೊರಳಿಗೆ."

ಮೂವತ್ತು ವರ್ಷ ಎದುರಿನವನನ್ನು ಇಳಿಸಿ ಗೊತ್ತಿತ್ತೇ ಹೊರತು, ನನ್ನ ಆಸೆಯನ್ನೇ ಎದುರಿಗೆ ಕೂರಿಸಿಕೊಂಡು ಇಳಿಸಿ ಗೊತ್ತಿರಲಿಲ್ಲ. ಅಂದು ಮೊದಲ ಸಲ ಮಾಡಿದೆ. ಮೋಟರು ಹೋಯಿತು, ದೀಪ ಹೋಯಿತು, ಪೆಟ್ಟಿಗೆ ಹೋಯಿತು. ಉಳಿದದ್ದು ಒಂದು ಚೌಕಟ್ಟು, ಒಂದು ಪೆಡಲ್, ಚರಕದ ಹಿಡಿಕೆಯ ಜಾಗದಲ್ಲಿ ಕೂರುವ ಒಂದು ಕೀಲು. ಆ ಕೀಲಿನ ಎತ್ತರ ಮಾತ್ರ ಸರಿಯಾಗಿರಬೇಕು. ಗರಗಕ್ಕೆ ಹೋಗಿ ಬಂದರೆ ಅರ್ಧ ದಿನದ ವ್ಯಾಪಾರ ಕೈಬಿಡುತ್ತದೆಂದು ಫೋನ್ ಮಾಡಿದೆ.

"ಅಕ್ಕಾ, ನೆಲದಿಂದ ಹಿಡಿಕಿ ಎಷ್ಟು ಎತ್ತರ ಐತಿ?"

"ತಡಿ, ನೋಡ್ತೇನಿ... ಎರಡು ಗೇಣು, ಮ್ಯಾಲ ನಾಕು ಬೆರಳು."

ಅಷ್ಟೇ ಎತ್ತರಕ್ಕೆ ವೆಲ್ಡಿಂಗ್ ಮಾಡಿಸಿದೆ. ಇಪ್ಪತ್ತೊಂಬತ್ತನೆಯ ದಿನ ಚೌಕಟ್ಟನ್ನು ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಗರಗಕ್ಕೆ ಹೋದೆ. ಚರಕದ ಪಕ್ಕ ಇಟ್ಟು ನೋಡಿದರೆ ನಾನು ಮಾಡಿಸಿದ ಕೀಲು ಹಿಡಿಕೆಗಿಂತ ನಾಲ್ಕು ಬೆರಳು ಮೇಲೆ ನಿಂತಿದೆ! ಎರಡು ಸಲ ಗೇಣು ಹಾಕಿ ಅಳೆದೆ. ಎರಡು ಗೇಣು, ನಾಲ್ಕು ಬೆರಳು. ಸರಿಯಾಗಿಯೇ ಇದೆ.

ಗಂಗಕ್ಕ ನೋಡುತ್ತಿದ್ದಳು. "ಈರ್ಯಾ, ಕೈ ಕೊಡು ಇಲ್ಲೆ."

ನನ್ನ ಅಂಗೈಗೆ ತನ್ನ ಅಂಗೈ ಹಚ್ಚಿದಳು. ಅವಳ ಬೆರಳ ತುದಿ ನನ್ನ ಬೆರಳಿನ ಮೇಲಿನ ಗೆಣ್ಣಿಗೆ ಬಂದು ನಿಂತಿತ್ತು.

"ಊರಿಗೆಲ್ಲಾ ಅಳದು ಮಾರಾಂವ. ಅಕ್ಕನ ಕೈ ಎಷ್ಟುದ್ದ ಅಂತ ಗೊತ್ತಿಲ್ಲ ನಿನಗ."

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಮೂರು ವರ್ಷದಲ್ಲಿ ನಾನು ಆ ಚರಕದ ಮುಂದೆ ಒಂದು ಸಲವೂ ಬಂದು ಕೂತಿರಲಿಲ್ಲ.

ಚೌಕಟ್ಟಿನ ಕಾಲು ಕೊಯ್ದರೆ ಪೆಡಲ್ ನೆಲಕ್ಕೆ ಹತ್ತುತ್ತದೆ. ಕೀಲು ಬಿಚ್ಚಿ ಕೆಳಗೆ ಕೂರಿಸಬೇಕೆಂದರೆ ಮತ್ತೆ ವೆಲ್ಡಿಂಗ್ ಆಗಬೇಕು. ಅದನ್ನು ಮಾಡಿಸಿದ್ದ ಅಂಗಡಿಗೆ ಅಂದೂ ಮರುದಿನವೂ ರಜೆ. "ಇದು ಆಗೂದಿಲ್ಲ ಅಕ್ಕ. ಇನ್ನೊಂದು ವಾರ ತಡಿ" ಅಂದೆ. ಅಂದ ಮೇಲೆ ಕೇಳಿಸಿತು, ಮೂರು ವರ್ಷದಿಂದ ಇದನ್ನೇ ಅನ್ನುತ್ತ ಬಂದಿದ್ದೇನೆ.

"ಕೇಂದ್ರದವರು ನಾಡಿದ್ದ ಬರ್ತಾರ" ಎಂದಳು ಅಕ್ಕ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಚೌಕಟ್ಟನ್ನು ನೋಡಿದಳು. "ಇದು ಇಳಿಯೂದಿಲ್ಲಂದ್ರ ಚರಕಾನ ಏರಸು."

ಅಡುಗೆಮನೆಗೆ ಹೋಗಿ, ಊಟಕ್ಕೆ ಕೂರುವ ಎರಡು ಮಣೆಗಳನ್ನು ಒಂದೊಂದಾಗಿ ಎಡಗೈಯಲ್ಲಿ ತಂದಳು. ನಾನು ಚರಕ ಎತ್ತಿದೆ, ಅವಳು ಕಾಲಿನಿಂದ ಮಣೆ ತಳ್ಳಿದಳು. ಕೀಲು ಹಿಡಿಕೆಯ ಜಾಗದಲ್ಲಿ ಹೋಗಿ ಕೂತಿತು.

ಅಕ್ಕ ಸ್ಟೂಲಿನ ಮೇಲೆ ಕೂತು ಪೆಡಲ್ ತುಳಿದಳು. ಮೊದಲು ಹಿಂದಕ್ಕೆ ತಿರುಗಿತು. ಗಾಲಿಗೆ ಎಡಗೈಯಿಂದ ಸ್ವಲ್ಪ ಚಾಲನೆ ಕೊಟ್ಟು ಮತ್ತೆ ತುಳಿದಳು. ನೂಲು ಸುತ್ತುವ ಕದಿರುಗಳು ಗುಂಯ್ ಎಂದವು. ಒಂದು ಎಳೆ ಕಡಿಯಿತು. ಎರಡೇ ಬೆರಳಲ್ಲಿ ಕೂಡಿಸಿದಳು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಚಹಾ ಮಾಡಿಕೊಂಡು ಬಂದದ್ದು ನಾನು.

ಮರುದಿನ, ಅಂದರೆ ಮೂವತ್ತನೆಯ ದಿನ, ಚರಕ, ಚೌಕಟ್ಟು, ಮಣೆ ಎಲ್ಲ ಹೇರಿಕೊಂಡು ಅಕ್ಕನನ್ನೂ ಕರೆದುಕೊಂಡು ಧಾರವಾಡಕ್ಕೆ ಹೋದೆ. ಮುಮ್ತಾಜರ ಗಂಡ ಕುರ್ತಾ ತೊಟ್ಟು ಉಸಿರು ಬಿಗಿಹಿಡಿದು ನಿಂತಿದ್ದರು. ಅಕ್ಕ ಎಲ್ಲರ ಮುಂದೆ ಪೆಡಲ್ ತುಳಿದು ಚರಕ ತಿರುಗಿಸಿದಳು. ಅದು ನಿಂತ ಮೇಲೆ ಮಾಸ್ತರು ಮಣೆಗಳನ್ನು ತೋರಿಸಿ ಕೇಳಿದರು, "ಇವು ಮಣಿ ಯಾಕ್ರಿ ತಾಯಿ?"

"ಇವು ನಮ್ಮ ತಮ್ಮಂದು ತಪ್ಪಿದ ಲೆಕ್ಕ ರೀ."

ಅಂದಿನ ನಗೆಗೆ ಶೆಡ್ಡಿನ ತಗಡು ಹಾರಲಿಲ್ಲ, ಅಷ್ಟೇ.

ಚರಕ ಅಕ್ಕನ ಮನೆಯಲ್ಲೇ ಉಳಿಯಿತು. ಮುಂದೆ ಒಂದು ದಿನ ಟೇಪು ಹಿಡಿದು ಅಳೆದು, ಸರಿಯಾದ ಎತ್ತರದ ಹೊಸ ಚೌಕಟ್ಟು ಮಾಡಿಸಿಕೊಂಡು ಹೋದೆ. ಅಕ್ಕ ಬೇಡವೆಂದಳು. "ಮಣಿ ಇರಲಿ. ನಿನ್ನ ಗೇಣಿಗೂ ನನ್ನ ಗೇಣಿಗೂ ಎಷ್ಟು ಅಂತರ ಐತಿ ಅಂತ ಬಂದಾಗೊಮ್ಮೆ ಕಾಣಲಿ ನಿನಗ."

ಮೂರು ವರ್ಷದಲ್ಲಿ ಆಗದ್ದು ಮೂವತ್ತು ದಿನದಲ್ಲಿ ಹೇಗಾಯಿತೆಂದು ಈಗಲೂ ಯೋಚಿಸುತ್ತೇನೆ. ಗೋಡೆಯೋ, ಮಾಸ್ತರೋ, ಮುಮ್ತಾಜರ ಸೂಜಿಯೋ ಗೊತ್ತಿಲ್ಲ. ನೀವೂ ಅಟ್ಟದಿಂದ ಏನಾದರೂ ಇಳಿಸುವುದಿದ್ದರೆ ನಾಲ್ಕು ಜನರ ಮುಂದೆ ಹೇಳಿ ಇಳಿಸಿ. ದಿನದಲ್ಲಿ ಚೌಕಾಶಿ ಮಾಡಬೇಡಿ. ನನ್ನ ಮಟ್ಟಿಗೆ ಒಂದು ಬದಲಾವಣೆ ಆಗಿದೆ. ಅಂಗಡಿಗೆ ಯಾರಾದರೂ ಬಂದು ಗೇಣಿನ ಲೆಕ್ಕ ಹೇಳಿದರೆ, ದರ ಹೇಳುವ ಮೊದಲು ಕೇಳುತ್ತೇನೆ: "ಯಾರ ಗೇಣು ರೀ?"