ಕರ್ತೃಪದವಿಲ್ಲದ ಬಿಸಿ

ನಮ್ಮ ಪ್ಯಾಪೋನ್ ಊರಿನ ದೋಣಿಕಟ್ಟೆಯಲ್ಲಿ ಬೆಳಗಿನ ತಿಂಡಿ ಎಂದರೆ ಸೇನ್ ಮ್ಯಾಳ ಮೋಹಿಂಗಾ. ಅಕ್ಕಿ ಶಾವಿಗೆಯ ಮೇಲೆ ಮೀನಿನ ಗಟ್ಟಿ ಸಾರು, ಸಾರಿನೊಳಗೆ ಬಾಳೆದಿಂಡಿನ ಬಿಲ್ಲೆಗಳು, ಮೇಲೊಂದಿಷ್ಟು ಹುರಿದ ಬೆಳ್ಳುಳ್ಳಿ. ಇಷ್ಟನ್ನು ಯಾರಾದರೂ ಮಾಡಿಯಾರು. ಮೀನನ್ನು ಬೇಯಿಸಿ, ತಟ್ಟೆಯ ಮೇಲೆ ಹರಡಿ, ಬೆರಳ ತುದಿಯಲ್ಲೇ ಮುಳ್ಳು ಹುಡುಕಿ ತೆಗೆದು, ಅರಿಸಿನ ಹಾಕಿ ಕುಟ್ಟಿ ಸಾರಿಗೆ ಬಿಡುವುದರಲ್ಲಿ ಮಾತ್ರ ಅವಳ ಸಮಕ್ಕೆ ಬರುವವರಿರಲಿಲ್ಲ.

ಊರಿನ ಶಾಲೆಗೆ ನಾನು ಸಯಾ, ಎಂದರೆ ಮೇಷ್ಟರಾಗಿದ್ದೆ; ಅವಳು ನನ್ನ ಶಿಷ್ಯೆ. ಊರವರು ಮರ್ಯಾದೆಯಿಂದ 'ದಾ ಸೇನ್ ಮ್ಯಾ' ಎಂದು ಕರೆಯುವ ವಯಸ್ಸಾದರೂ ನನಗೆ ಈಗಲೂ ಬರಿಯ ಸೇನ್ ಮ್ಯಾ. ತರಗತಿಯಲ್ಲಿ ಸ್ಲೇಟು ತಂದು ನನ್ನ ಮೇಜಿನ ಮೇಲಿಟ್ಟು, ನಾನು ಕೈಗೆತ್ತಿಕೊಳ್ಳುವಷ್ಟರಲ್ಲಿ "ಒಂದ್ ಸಲ ಕೊಡಿ ಸಯಾ, ನೋಡ್ಕೊಡ್ತೀನಿ" ಎಂದು ವಾಪಸು ಕಸಿದುಕೊಂಡು ಹೋಗುತ್ತಿದ್ದ ಹುಡುಗಿ. ನೋಡಿದರೆ ಒಂದು ತಪ್ಪೂ ಇರುತ್ತಿರಲಿಲ್ಲ.

ಒಂದು ಬೆಳಗ್ಗೆ ಲಾಂಚಿನ ಟಿಕೆಟ್ ಕೊಡುವ ಕೋ ಲೂನ್ ಮೌಂಗ್ ಆತುರಾತುರವಾಗಿ ತಿನ್ನುತ್ತಿದ್ದಾಗ ಅವನ ಗಂಟಲಿಗೆ ಒಂದು ಮುಳ್ಳು ಸಿಕ್ಕಿಕೊಂಡಿತು. ಅವನು ಕೆಮ್ಮಿದ, ಕಣ್ಣಲ್ಲಿ ನೀರು ತಂದುಕೊಂಡ. ಯಾರೋ ಕೊಟ್ಟ ಬಾಳೆಹಣ್ಣನ್ನು ಅಗಿಯದೆ ನುಂಗಿದ, ಮುಳ್ಳು ಇಳಿದುಹೋಯಿತು. ಉಳಿದ ಸಾರನ್ನೂ ಕುಡಿದು ಬಾಯಿ ಒರೆಸಿಕೊಂಡು, "ಅಕ್ಕನ ಸಾರಲ್ಲಿ ಮೀನು ಇನ್ನೂ ಈಜ್ತಾ ಇದೆ ಕಣ್ರೋ! ಬಲೆ ತರ್ರೋ!" ಎಂದು ಕೂಗುತ್ತ ಕಟ್ಟೆಯಿಳಿದು ಹೋದ. ಎಲ್ಲರೂ ನಕ್ಕರು. ಸೇನ್ ಮ್ಯಾಳೂ ನಕ್ಕಳು.

ಲೂನ್ ಮೌಂಗ್ ಮಧ್ಯಾಹ್ನದೊಳಗೆ ಅದನ್ನು ಮರೆತ. ಇವಳು ಮರೆಯಲಿಲ್ಲ. ಮರುದಿನದಿಂದ ಆರಿಸಿದ ಮೀನನ್ನೇ ಮತ್ತೆ ಹರಡಿ ಆರಿಸತೊಡಗಿದಳು. ಕುಟ್ಟಿದ ಮೇಲೆ ಬೆರಳಲ್ಲಿ ಉಜ್ಜಿ ನೋಡುವಳು, ಸಾರಿಗೆ ಬಿಟ್ಟ ಮೇಲೆ ಜಾಲರಿಯಲ್ಲಿ ಸೋಸುವಳು, ಸೋಸಿದ್ದನ್ನು ಇನ್ನೊಮ್ಮೆ ಸೋಸುವಳು. ಮೊದಲ ಲಾಂಚಿನ ಜನ ಹಸಿದ ಹೊಟ್ಟೆಯಲ್ಲೇ ಹೊರಡುವಂತಾಯಿತು. ಅಂಗಡಿ ತೆರೆದ ಮೇಲಾದರೂ ನೆಮ್ಮದಿಯೇ? ತಿನ್ನುವವರ ಗಂಟಲನ್ನೇ ನೋಡುತ್ತ ಸೌಟು ಹಿಡಿದು ನಿಲ್ಲುವಳು. ಯಾರಾದರೂ ಸ್ವಲ್ಪ ತಡೆದು ನುಂಗಿದರೆ ಸಾಕು, "ಏನಾದ್ರೂ ಚುಚ್ತಾ?" ಎಂದು ಓಡಿಬರುವಳು. ಹೀಗೆ ಕೇಳಿದರೆ ಯಾರಿಗೆ ತಾನೇ ಗಂಟಲಲ್ಲಿ ಚುಚ್ಚಿದಂತಾಗುವುದಿಲ್ಲ?

ಬೇಸಿಗೆ ಬರುವ ವೇಳೆಗೆ ಅವಳ ಮುಖ ಇಳಿದುಹೋಗಿತ್ತು. ಕೆನ್ನೆಗೆ ತಾನಾಖಾ ಗಂಧವನ್ನು ತೇದು ಹಚ್ಚಿಕೊಳ್ಳುವುದನ್ನೂ ಬಿಟ್ಟಿದ್ದಳು. ಅವಳ ಗಂಡ ಊ ಚಿತ್ ಪೇ ಸೈಕಲ್ ರಿಪೇರಿ ಮಾಡುವವನು, ಮಾತು ಕಡಿಮೆ. ಒಂದು ಸಂಜೆ ಅವಳನ್ನೂ ಕರೆದುಕೊಂಡು ನನ್ನ ಮನೆಗೆ ಬಂದ.

"ಸಯಾಜೀ, ಇವಳಿಗೆ ಮನಸ್ಸು ಬಿಸಿಯಾಗಿ ಹೋಗಿದೆ. ನೀವೇ ಏನಾದ್ರೂ ಹೇಳಿ."

ನಮ್ಮ ಮಾತಿನಲ್ಲಿ ಚಿಂತೆ ಎಂದರೆ ಮನಸ್ಸು ಬಿಸಿ. ನೆಮ್ಮದಿ ಎಂದರೆ ಮನಸ್ಸು ತಂಪು.

"ಹೇಳೋಕೇನಿಲ್ಲ ಸಯಾಜೀ," ಎಂದಳು ಅವಳು. "ತಲೆ ದಣಿದು ಹೋಗಿದೆ. ಕೂತ್ರೂ ಮುಳ್ಳು, ನಿಂತ್ರೂ ಮುಳ್ಳು. ನೀರ ಹಬ್ಬ ಬರ್ಲಿ, ಅಂಗಡಿ ಮುಚ್ಚಿಬಿಡ್ತೀನಿ. ಯಾರನ್ನಾದ್ರೂ ಕೊಂದ ಮೇಲೆ ಮುಚ್ಚೋದಕ್ಕಿಂತ ಮೊದಲೇ ಮುಚ್ಚೋದು ವಾಸಿ."

"ಯಾರೂ ಸಾಯ್ಲಿಲ್ವಲ್ಲೇ! ಲೂನ್ ಮೌಂಗ್ ದಿನಾ ಎರಡು ಬಟ್ಟಲು ತಿಂತಾನೆ," ಎಂದ ಚಿತ್ ಪೇ.

"ಅವನ ಗಂಟಲು ದೋಣಿ ಹಗ್ಗ ಇದ್ದ ಹಾಗೆ. ಎಲ್ರದ್ದೂ ಹಾಗೇ ಇರುತ್ತಾ?"

ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕೆಲಸವನ್ನು ಅವಳು ಪ್ರೀತಿಸುತ್ತಿದ್ದಳು. ಅದು ನನಗೆ ತಿಳಿದಿತ್ತು. ಹಬ್ಬದ ದಿನಗಳಲ್ಲಿ ಹೇಗೂ ಅಂಗಡಿ ಇರುವುದಿಲ್ಲ. ಊರೆಲ್ಲ ನೀರೆರಚಿಕೊಂಡು ಕುಣಿಯುವಾಗ ನಮ್ಮಲ್ಲಿ ಎಷ್ಟೋ ಮಂದಿ ಕಂದು ಶಲ್ಯ ಹೊದ್ದು ಆಶ್ರಮಕ್ಕೆ ಹೋಗಿ ಧ್ಯಾನಕ್ಕೆ ಕೂರುತ್ತಾರೆ. "ಮುಚ್ಚೋದಾದ್ರೆ ಮುಚ್ಚು. ಅದಕ್ಕೂ ಮುಂಚೆ ಸುಚಾರಿ ಸಯಾಲೇ ಹತ್ರ ಹೋಗಿ ಕೂತು ಬಾ," ಎಂದೆ. ಕಾಲುವೆಯಾಚೆಯ ಭಿಕ್ಷುಣಿಯರ ಮಠಕ್ಕೆ ಸುಚಾರಿಯವರೇ ಹಿರಿಯರು. ಗಿಡ್ಡ ಆಳು, ದೊಡ್ಡ ಗಂಟಲು.

ಅಲ್ಲಿ ನಡೆದುದನ್ನು ಸೇನ್ ಮ್ಯಾಳೇ ನನಗೆ ಎಷ್ಟೋ ಸಲ ನಗುತ್ತ ಹೇಳಿದ್ದಾಳೆ. ಅಲ್ಲಿಯ ಅಭ್ಯಾಸ ಸರಳವಾದುದು. ಉಸಿರಾಡುವಾಗ ಹೊಟ್ಟೆ ಏರಿದರೆ ಮನಸ್ಸಿನಲ್ಲೇ 'ಏರಿತು' ಎನ್ನಬೇಕು, ಇಳಿದರೆ 'ಇಳಿಯಿತು' ಎನ್ನಬೇಕು. ನಡೆಯುವಾಗ 'ಎತ್ತಿದೆ, ಇಟ್ಟೆ' ಎನ್ನಬೇಕು. ಮಧ್ಯೆ ಏನು ಬಂದರೂ ಅದರ ಹೆಸರು ಹೇಳಿ ಮತ್ತೆ ಉಸಿರಿಗೆ ಬರಬೇಕು. ಇಷ್ಟೇ. ಆದರೆ ಇದನ್ನೂ ಅವಳು ಮೀನು ಆರಿಸಿದ ಹಾಗೆಯೇ ಮಾಡಿದಳು. ಅಭ್ಯಾಸ ಒಪ್ಪಿಸುವ ಹೊತ್ತಿಗೆ ಸಯಾಲೇಯ ಮುಂದೆ ಕುಳಿತವಳ ಕಣ್ಣಲ್ಲಿ ನೀರು.

"ಸಯಾಲೇ, ಒಂದು ಉಸಿರು ತಪ್ಪಿ ಹೋಯ್ತು. ಹೆಸರು ಹೇಳೋದ್ರೊಳಗೆ ಹೊರಟುಹೋಯ್ತು."

"ಹೋದ್ರೆ ಹೋಯ್ತು. ಆಮೇಲೇನ್ ಮಾಡ್ದೆ?"

"ಹಿಂದಕ್ಕೆ ಹೋಗಿ ಹುಡುಕ್ದೆ. ಸಿಗ್ಲಿಲ್ಲ. ಅಷ್ಟ್ರಲ್ಲಿ ಇನ್ನೂ ಒಂದಷ್ಟು ತಪ್ಪಿ ಹೋದ್ವು."

ಸುಚಾರಿ ಸಯಾಲೇ ಬಾಯಿಗೆ ಬೀಸಣಿಗೆ ಅಡ್ಡ ಹಿಡಿದರು. ಆದರೂ ನಗು ಮಠದ ಅಡುಗೆಮನೆಯವರೆಗೆ ಕೇಳಿಸಿತಂತೆ. "ಅಯ್ಯೋ ಹುಚ್ಚು ಹುಡುಗಿ! ಉಸಿರಲ್ಲೂ ಮುಳ್ಳು ಆರಿಸ್ತಾ ಇದ್ದೀಯಲ್ಲೇ! ಹೋದ ಉಸಿರಿಗೆ ಜಾಲರಿ ಹಿಡಿದೋಳು ಈ ಮಠದಲ್ಲಿ ನೀನೊಬ್ಳೇ."

"ನಗ್ಬೇಡಿ ಸಯಾಲೇ. ನಾನು ಏನ್ ಮಾಡ್ಲಿ? ನಂಗೆ ಇಲ್ಲೂ ಮನಸ್ಸು ಬಿಸಿಯಾಗ್ತಾನೇ ಇದೆ."

"ಆದಾಗ ಏನ್ ಹೇಳ್ಕೋತೀಯ?"

"'ನಂಗೆ ಮನಸ್ಸು ಬಿಸಿಯಾಗಿದೆ, ನಂಗೆ ಮನಸ್ಸು ಬಿಸಿಯಾಗಿದೆ' ಅಂತೀನಿ."

"ಅಷ್ಟುದ್ದ ಯಾಕೆ? ಸಾರಿನ ಮಡಕೆ ಇಳಿಸುವಾಗ ಏನಂತೀಯ?"

"'ಬಿಸಿ, ಬಿಸಿ' ಅಂತೀನಿ."

"ಅಷ್ಟೇ ಹೇಳು. 'ನಂಗೆ' ಬೇಡ, 'ಮನಸ್ಸು' ಬೇಡ. ಬಿಸಿ. ಮಡಕೆ ಬಿಸಿಯಾದ್ರೆ ನೀನು ಅಳ್ತೀಯಾ? ಇಲ್ಲ ತಾನೆ?"

ವಾಕ್ಯಕ್ಕೆ ಕರ್ತೃಪದ ಬೇಕು, ಯಾರಿಗೆ, ಯಾವುದು ಎಂಬುದು ಸ್ಪಷ್ಟವಾಗಬೇಕು ಎಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದವನು ನಾನು. ನಮ್ಮವರಿಗೆ ಅದನ್ನು ನುಂಗಿ ಮಾತಾಡುವ ಚಾಳಿ. ಎಷ್ಟು ತಿದ್ದಿದರೂ ಹೋಗದು. ಸುಚಾರಿ ಸಯಾಲೇ ಆ ಚಾಳಿಯನ್ನೇ ಮದ್ದಾಗಿ ಕೊಟ್ಟಿದ್ದರು. 'ಬಿಸಿ' ಎಂದಷ್ಟೇ ಹೇಳಿದರೆ ಬಿಸಿಯೇನೋ ಇರುತ್ತದೆ, ಅದನ್ನು ಹೊತ್ತುಕೊಂಡು ಕೂರಲು ಯಾರೂ ಇರುವುದಿಲ್ಲ.

ಹಬ್ಬ ಮುಗಿಸಿ ಬಂದವಳು, "ನಿಮ್ಮ ಮೊಮ್ಮಗನ ಶಿನ್‌ಪ್ಯು ಆಗೋವರೆಗೂ ಅಂಗಡಿ ನಡೆಸ್ತೀನಿ, ಆಮೇಲೆ ನೋಡೋಣ" ಎಂದಳು. ಶಿನ್‌ಪ್ಯು ಎಂದರೆ ಹುಡುಗರ ತಲೆ ಬೋಳಿಸಿ, ಕಾವಿ ತೊಡಿಸಿ ಮಠಕ್ಕೆ ಒಪ್ಪಿಸುವ ಸಮಾರಂಭ. ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯಲ್ಲಿ ಅದು ನಡೆಯುವುದಿತ್ತು. ಆ ದಿನದ ಮೋಹಿಂಗಾ ಅವಳದೇ ಆಗಬೇಕೆಂದು ನಾನು ಕೇಳಿಕೊಂಡಿದ್ದೆ.

ಅಂಗಡಿಯಲ್ಲಿ ತಮಾಷೆ ಶುರುವಾಯಿತು. ಮಠದಲ್ಲಿ ಮನಸ್ಸಿನೊಳಗೇ ಹೇಳಿಕೊಳ್ಳುತ್ತಿದ್ದುದು ಇಲ್ಲಿ ಅವಳ ಬಾಯಿಂದ ಗಟ್ಟಿಯಾಗಿಯೇ ಬರುತ್ತಿತ್ತು. ಬಟ್ಟಲು ಕೈಗಿಡುವಾಗ ಎದೆಯಲ್ಲಿ ಅಳುಕು ಎದ್ದರೆ, "ಬಿಸಿ... ಬಿಸಿ..." ಎನ್ನುವಳು. ಗಿರಾಕಿಗಳು ಥಟ್ಟನೆ ಕೈ ಹಿಂದೆಳೆದು ಊದತೊಡಗುವರು. ಅಳುಕು ಹೋಗುವವರೆಗೆ ಅವಳ ಮಾತು ನಿಲ್ಲದು. ಮಾತು ನಿಲ್ಲುವವರೆಗೆ ಇವರ ಊದುವಿಕೆ ನಿಲ್ಲದು.

"ಏನಕ್ಕಾ ಇದು, ಬಿಸಿ ಬಿಸಿ ಅಂತೀಯ, ತಣ್ಣಗೆ ಕಪ್ಪೆ ಹಾಗಿದೆ!" ಎಂದು ಒಂದು ದಿನ ಲೂನ್ ಮೌಂಗ್ ರೇಗಿದ. "ಊದಿ ಊದಿ ನನ್ನ ಲಾಂಚೇ ಹೊರಟು ಹೋಗುತ್ತೆ."

"ಸಾರಿಗಲ್ವೋ ಹೇಳಿದ್ದು."

"ಮತ್ತಿನ್ಯಾರಿಗೆ?"

ಅವಳು ಪಕ್ಕದಲ್ಲಿ ಕುಳಿತಿದ್ದ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಶಿನ್‌ಪ್ಯು ದಿನ ಬಂತು. ಚಪ್ಪರದಲ್ಲಿ ಮೊದಲು ಭಿಕ್ಷುಗಳಿಗೆ ಊಟ. ಊರ ಭಿಕ್ಷುಗಳ ಮಠದ ಹಿರಿಯ ಗುರು ಸಯಾದೋ ವೃದ್ಧರು, ಹಲ್ಲು ಕಡಿಮೆ. ಸೇನ್ ಮ್ಯಾ ಎರಡು ಸಲ ಮೀನು ಆರಿಸಿದ್ದಳು. ಮೂರನೆಯ ಸಲಕ್ಕೆ ಮೀನಿನ ತಟ್ಟೆಗೆ ಕೈ ಚಾಚಿ, ಹಾಗೇ ಹಿಂದೆಗೆದುಕೊಂಡಳೆಂದು ಚಿತ್ ಪೇ ನನ್ನ ಕಿವಿಯಲ್ಲಿ ಹೇಳಿದ. ಅಡುಗೆಯ ಮರೆಯಲ್ಲಿ ಅವಳು ಸೌಟು ಹಿಡಿದು ನಿಂತಿದ್ದಳು. ಲೂನ್ ಮೌಂಗ್ ಬಡಿಸುವವರ ಸಾಲಿನಲ್ಲಿದ್ದ.

ಸಯಾದೋ ಎರಡು ತುತ್ತು ತಿಂದರು. ಮೂರನೆಯದಕ್ಕೆ ನಿಧಾನಿಸಿದರು. ಬೆರಳುಗಳನ್ನು ಬಾಯಿಗೆ ಹಾಕಿ, ಏನನ್ನೋ ಹಿಡಿದು, ಬೆಳಕಿಗೆ ಎತ್ತಿ ನೋಡಿದರು. ಮುಳ್ಳು. ನಾನು ಅಡುಗೆಯ ಕಡೆ ತಿರುಗಿದೆ. ಸೇನ್ ಮ್ಯಾಳ ಮುಖ ಬಿಳುಚಿತ್ತು. ತುಟಿ ಅಲುಗುತ್ತಿತ್ತು: "ಬಿಸಿ... ಬಿಸಿ..."

ಸಯಾದೋ ಮುಳ್ಳನ್ನು ತಟ್ಟೆಯ ಅಂಚಿನಲ್ಲಿಟ್ಟರು. ಮುಂದಿನ ತುತ್ತು ತಿಂದರು, ಅದರ ಮುಂದಿನದನ್ನೂ ತಿಂದರು. ಬಟ್ಟಲು ಖಾಲಿಯಾದ ಮೇಲೆ ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರು. ಇನ್ನಷ್ಟು ಬೇಕೆಂದು ಅದರ ಅರ್ಥ.

ಲೂನ್ ಮೌಂಗ್ ಬಟ್ಟಲು ಹಿಡಿದು ಅಡುಗೆಯ ಕಡೆ ಓಡಿದ. ಅವಳ ಪಿಸುಮಾತು ಇನ್ನೂ ನಿಂತಿರಲಿಲ್ಲ.

"ಬಿಸೀನಾ? ಆರ್ಸಿ ಕೊಡ್ಲಾ ಅಕ್ಕ? ದೊಡ್ಡೋರು ಕಾಯ್ತಾ ಇದಾರೆ."

ಸೇನ್ ಮ್ಯಾ ಅವನನ್ನು ನೋಡಿದಳು. ಉಸಿರನ್ನು ಉದ್ದಕ್ಕೆ ಬಿಟ್ಟಳು. "ಬೇಡ ಕಣೋ," ಎಂದಳು, "ತಾನೇ ಆರುತ್ತೆ." ಸೌಟನ್ನು ಮಡಕೆಯ ತಳಕ್ಕೆ ಇಳಿಸಿ, ಮೀನು ಹೆಚ್ಚಾಗಿ ಬರುವಂತೆ ತುಂಬಿ ಬಡಿಸಿದಳು. ಆ ದಿನ ಕೊನೆಯ ಪಂಕ್ತಿಯವರೆಗೂ ಸೌಟು ಅವಳ ಕೈಯಲ್ಲೇ ಇತ್ತು.

ಮರುದಿನ ಬೆಳಗ್ಗೆ ದೋಣಿಕಟ್ಟೆಗೆ ಹೋದೆ. ಮೊದಲ ಲಾಂಚು ಇನ್ನೂ ಹೊರಟಿರಲಿಲ್ಲ, ಅಂಗಡಿ ತೆರೆದಿತ್ತು. ಅವಳು ಕೆನ್ನೆಗೆ ತಾನಾಖಾ ಹಚ್ಚಿಕೊಂಡಿದ್ದಳು.

"ಏನಮ್ಮಾ, ಶಿನ್‌ಪ್ಯು ಆದ ಮೇಲೆ ನೋಡೋಣ ಅಂದಿದ್ದೆ?" ಎಂದೆ.

"ನೋಡ್ತಾ ಇದೀನಲ್ಲ ಸಯಾಜೀ. ಕೂತ್ಕೊಳ್ಳಿ, ದಿಂಡು ಜಾಸ್ತಿ ಹಾಕ್ಲಾ?"

ಚಿಂತೆ ಅವಳನ್ನು ಪೂರ್ತಿ ಬಿಟ್ಟುಹೋಗಿದೆ ಎಂದು ನಾನು ಹೇಳಲಾರೆ. ಕೆಲವು ದಿನ ಮೂರನೆಯ ಸಲವೂ ಮೀನು ಆರಿಸುತ್ತಾಳೆ. ಆ ದಿನ ನಾವು ಸ್ವಲ್ಪ ಕಾಯುತ್ತೇವೆ. ಪ್ರತಿ ವರ್ಷ ನೀರ ಹಬ್ಬಕ್ಕೆ ಕಂದು ಶಲ್ಯ ಮಡಚಿಕೊಂಡು ಕಾಲುವೆ ದಾಟಿ ಮಠಕ್ಕೆ ಹೋಗುತ್ತಾಳೆ. ಕಳೆದ ವರ್ಷದಿಂದ ಚಿತ್ ಪೇಯೂ ಜೊತೆಗೆ ಹೋಗುತ್ತಿದ್ದಾನೆ. ಅವನಿಗೆ ಅಲ್ಲಿ ಬರುವುದು ನಿದ್ದೆಯೊಂದೇ, ಗೊರಕೆ ಕಾಲುವೆಯ ಈಚೆಗೂ ಕೇಳುತ್ತದೆ ಎಂದು ಅವಳು ದೂರುತ್ತಾಳೆ. ಆದರೆ ಸುಚಾರಿ ಸಯಾಲೇ ಅವನನ್ನು ಎಬ್ಬಿಸುವುದಿಲ್ಲವಂತೆ, "ಇವನ ಮನಸ್ಸು ಆಗ್ಲೇ ತಂಪಾಗಿದೆ" ಎನ್ನುತ್ತಾರಂತೆ.