ಕೋಳಿ ಹಿಡಿದುಕೊಂಡು ಗಡಿ ದಾಟಿದ್ದು

ನಿವೃತ್ತನಾದ ಮಾಷ್ಟ್ರನಿಗೆ ಬುದ್ಧಿ ಹೇಳಲು ಯಾರೂ ಸಿಗದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ಕೇರಳದ ಗಡಿಯಲ್ಲಿರುವ ಮೀಂಜದ ಮನೆಗೆ ಬಂದು ಕೂತ ನಾನು, ಮೊದಲ ಆರು ತಿಂಗಳು ಹೆಂಡತಿಗೆ ಬುದ್ಧಿ ಹೇಳಿದೆ. ಒಂದು ದಿನ ಅವಳೇ ಪೇಪರಿನ ಪ್ರಕಟಣೆಯೊಂದನ್ನು ನನ್ನ ಚಹಾದ ಪಕ್ಕ ಇಟ್ಟಳು. ದಾರಿ ತಪ್ಪುವ ಲಕ್ಷಣ ಇರುವ ಮಕ್ಕಳ ಜೊತೆ ವಾರಕ್ಕೊಂದು ದಿನ ಕಳೆಯಲು ಸ್ವಯಂಸೇವಕರು ಬೇಕಾಗಿದ್ದಾರೆ, ವಿದ್ಯಾನಗರದ ಕಚೇರಿಯಲ್ಲಿ ಹೆಸರು ಕೊಡಿ ಎಂದಿತ್ತು. ನನಗೆ ಹಬ್ಬದೂಟಕ್ಕೆ ಕರೆ ಬಂದಷ್ಟು ಸಂತೋಷವಾಯಿತು.

ಎರಡು ದಿನದ ತರಬೇತಿಯಲ್ಲಿ ಪ್ರೊಬೇಷನ್ ಆಫೀಸರ್, ನನ್ನ ಮಗಳ ವಯಸ್ಸಿನ ಹೆಂಗಸು, ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು: ಉಪದೇಶ ಮಾಡಬೇಡಿ, ಕೇಳಿಸಿಕೊಳ್ಳಿ. ನಾನದನ್ನು ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದೆ. ಎಳೆದದ್ದು ಮಾತ್ರ.

ನನ್ನ ಪಾಲಿಗೆ ಬಂದವನಿಗೆ ಹದಿನೇಳು ವರ್ಷ. ಮಂಜೇಶ್ವರದ ರೈಲ್ವೇ ಸ್ಟೇಷನ್ನಿನ ಹೊರಗೆ ನಿಲ್ಲಿಸಿದ ಬೈಕುಗಳನ್ನು ಕೀ ಇಲ್ಲದೆ ಚಾಲೂ ಮಾಡಿ, ಒಂದು ಸುತ್ತು ಹೋಗಿ, ಸಂಜೆಯ ರೈಲು ಬರುವುದರೊಳಗೆ ಅದೇ ಜಾಗದಲ್ಲಿ ತಂದು ನಿಲ್ಲಿಸುವುದು ಅವನ ಹವ್ಯಾಸ. ಒಂದು ಬೈಕು ಚರಂಡಿಗೆ ಬಿದ್ದು ಮೇಲೆತ್ತಲಾಗದೆ ಸಿಕ್ಕಿಬಿದ್ದಿದ್ದ. ತಾಯಿ ಬೀಡಿ ಕಟ್ಟುತ್ತಿದ್ದರು. ಗಲ್ಫಿಗೆ ಹೋದ ಅಪ್ಪ ಎಂಟು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಮಕ್ಕಳ ನ್ಯಾಯಮಂಡಳಿ ಅವನನ್ನು ಆರು ತಿಂಗಳ ನಿಗಾದಲ್ಲಿ ಇಟ್ಟು ಮನೆಗೆ ಬಿಟ್ಟಿತ್ತು. ಪೊಲೀಸರ ಕೈಗೆ ಮತ್ತೆ ಸಿಗಬಾರದು, ಒಪ್ಪಿಗೆ ಇಲ್ಲದೆ ಜಿಲ್ಲೆ ದಾಟಬಾರದು. ಅಷ್ಟು ಪಾಲಿಸಿದರೆ ಕೇಸು ಮುಗಿದು, ಐಟಿಐಯಲ್ಲಿ ಮೆಕ್ಯಾನಿಕ್ ಸೀಟು ಸಿಗುವುದಿತ್ತು. ತಪ್ಪಿದರೆ ಸೀಟೂ ಇಲ್ಲ, ಮನೆಯೂ ಇಲ್ಲ.

ಐದು ತಿಂಗಳು ಪ್ರತಿ ಭಾನುವಾರ ಅವನು ನನ್ನ ಮನೆಗೆ ಬಂದ. ನಾನು ಸತ್ಯ, ಶಿಸ್ತು, ಸಮಯಪಾಲನೆ ಎಂದು ಕ್ರಮವಾಗಿ ಪಾಠ ಮಾಡಿದೆ. ಅವನು "ಹೂಂ ಮಾಷ್ಟ್ರೇ" ಎನ್ನುತ್ತಾ ನಮ್ಮ ಬಾವಿಯ ಪಂಪನ್ನೂ ಹೆಂಡತಿಯ ಮಿಕ್ಸಿಯನ್ನೂ ಬಿಚ್ಚಿ ಸರಿ ಮಾಡಿದ. ಹೆಂಡತಿಯ ಪ್ರಕಾರ ಈ ಯೋಜನೆಯಿಂದ ಲಾಭ ಆದದ್ದು ಮಿಕ್ಸಿಗೆ.

ಆರನೇ ತಿಂಗಳ ಮೊದಲ ಭಾನುವಾರ ನನ್ನ ಭಾವ ಫೋನು ಮಾಡಿ, ಗಡಿಯ ಹತ್ತಿರದ ಗದ್ದೆಯಲ್ಲಿ ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕ ಇದೆ, ತನ್ನ ಕೆಂಪು ಹುಂಜ ಕಣಕ್ಕೆ ಇಳಿಯುತ್ತದೆ ಎಂದ. ಅಜ್ಜನ ಹೆಗಲ ಮೇಲೆ ಕೂತು ಅಂಕ ನೋಡಿ ಬೆಳೆದವನು ನಾನು. ಅದು ಕಾನೂನಿಗೆ ವಿರುದ್ಧ ಎಂದು ನೂರು ಸಲ ಪೇಪರಿನಲ್ಲಿ ಓದಿದ್ದೆ, ಆದರೆ ಬೇರೆ ಯಾರದೋ ಊರಿನ ಸುದ್ದಿ ಓದಿದ ಹಾಗೆ. ಹುಡುಗನನ್ನೂ ಕರೆದುಕೊಂಡು ಹೊರಟೆ. ಕಚೇರಿಗೆ ಕೊಡುವ ವರದಿಯಲ್ಲಿ "ಆರೋಗ್ಯಕರ ಮನರಂಜನೆ" ಎಂಬ ಕಾಲಮ್ಮು ಐದು ತಿಂಗಳಿಂದ ಖಾಲಿ ಇತ್ತು. ಹಿರಿಯರ ಪದ್ಧತಿಯ ಪರಿಚಯ ಎಂದು ಅದರಲ್ಲಿ ತುಂಬಿಸುವುದೆಂದು ದಾರಿಯಲ್ಲೇ ವಾಕ್ಯ ಕಟ್ಟಿದೆ.

ಗದ್ದೆಯ ಬದುವಿನಲ್ಲಿ ಹುಡುಗ ನಿಂತ.

"ಮಾಷ್ಟ್ರೇ, ಇದಕ್ಕೆ ಪರ್ಮಿಷನ್ ಉಂಟಾ?"

"ಪದ್ಧತಿಗೆ ಎಂತ ಪರ್ಮಿಷನ್ ಮಾರಾಯ?"

ಭಾವ ಹುಂಜವನ್ನು ನನ್ನ ಕೈಗೆ ಕೊಟ್ಟು, ಅದರ ಕಾಲಿಗೆ ಬಾಳುಕತ್ತಿ ಕಟ್ಟಲು ನೂಲು ತರುತ್ತೇನೆ ಎಂದು ಹೋದ. ನೂಲು ಬರುವ ಮೊದಲು ಪೊಲೀಸ್ ಜೀಪು ಬಂತು. ಮುನ್ನೂರು ಗಂಡಸರು ಒಂದು ಉಸಿರಿಗೆ ಮಾಯವಾದರು, ಭಾವ ಎಲ್ಲರಿಗಿಂತ ಮೊದಲು. ಉಳಿದದ್ದು ನಾವಿಬ್ಬರು, ಹುಂಜ, ಮತ್ತು ಸಾಲಾಗಿ ನಿಂತ ಬೈಕುಗಳು. ಒಂದನ್ನು ಚಾಲೂ ಮಾಡಲು ಅವನಿಗೆ ಅರ್ಧ ನಿಮಿಷ ಸಾಕು. ಅದು ನನಗೂ ಗೊತ್ತಿತ್ತು, ಅವನಿಗೂ. ಅವನು ಬೈಕುಗಳನ್ನು ಒಮ್ಮೆ ನೋಡಿ, ಮುಖ ತಿರುಗಿಸಿ, ನನ್ನ ಮೊಣಕೈ ಹಿಡಿದು ಓಡಿಸಿದ.

ಗದ್ದೆಯ ತುದಿಯಲ್ಲಿ ಹರಿಯುವ ತೋಡು, ತೋಡು ದಾಟಲು ಅಡಿಕೆ ಮರದ ಸಂಕ, ಸಂಕದ ಆಚೆ ಕರ್ನಾಟಕ. ಈಚೆಯ ಪೊಲೀಸರು ಆಚೆ ಬರುವುದಿಲ್ಲ. ಈ ಭೂಗೋಳ ನಮ್ಮಲ್ಲಿ ಹುಂಜಗಳಿಗೂ ಗೊತ್ತು. ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು, ಮಂಡಿನೋವನ್ನು ಮರೆತು ನಾನು ಸಂಕ ದಾಟಿದೆ. ತಿರುಗಿ ನೋಡಿದರೆ ಹುಡುಗ ಕೇರಳದಲ್ಲೇ ನಿಂತಿದ್ದ.

"ಬೇಗ ಬಾ," ಎಂದೆ.

"ನನಗೆ ಜಿಲ್ಲೆ ದಾಟ್ಲಿಕ್ಕೆ ಇಲ್ಲ ಮಾಷ್ಟ್ರೇ. ಮಂಡಳಿಯ ಕಾಗದ ಓದಿ ಹೇಳಿದ್ದು ನೀವೇ ಅಲ್ವಾ? ನೀವು ಹೋಗಿ."

ಐದು ತಿಂಗಳ ನನ್ನ ಪಾಠಗಳಲ್ಲಿ ಅವನು ಕಿವಿಗೆ ಹಾಕಿಕೊಂಡದ್ದು ಇದೊಂದನ್ನು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನಾಳೆ ಪೇಪರಿನಲ್ಲಿ ನಿವೃತ್ತ ಶಿಕ್ಷಕ ಎಂದು ಬಂದರೆ ಶಿಷ್ಯರು ಏನೆಂದುಕೊಂಡಾರು? ಕಾಲು ಕರ್ನಾಟಕದ ಕಡೆಗೇ ಎಳೆಯುತ್ತಿತ್ತು. ಅವನು ಕರೆಯಲೂ ಇಲ್ಲ, ಕೋಪ ಮಾಡಲೂ ಇಲ್ಲ, ಸುಮ್ಮನೆ ನೋಡುತ್ತಿದ್ದ. ನಾನು ಮತ್ತೆ ಸಂಕಕ್ಕೆ ಕಾಲಿಟ್ಟೆ. ಹೋಗುವಾಗ ಅಗಲವಿದ್ದ ಸಂಕ ಬರುವಾಗ ಸಪೂರವಾಗಿತ್ತು. ಹುಂಜವನ್ನು ಯಾಕೆ ಬಿಡಲಿಲ್ಲ ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ಅವಳ ಅಣ್ಣನ ಹುಂಜ, ಬಿಟ್ಟು ಮನೆಗೆ ಹೋಗುವುದುಂಟೇ?

ಏದುಸಿರು ಬಿಡುತ್ತಾ ಬಂದ ಪೊಲೀಸಿನವನಿಗೆ ನಾನೇ ಹೇಳಿದೆ, "ಇವನನ್ನು ಕರ್ಕೊಂಡು ಬಂದದ್ದು ನಾನು. ಇವನು ಬೇಡ ಅಂತಲೇ ಹೇಳಿದ್ದ."

ಪೊಲೀಸಿನವನು ಇಬ್ಬರ ಹೆಸರನ್ನೂ ಬರೆದುಕೊಂಡ. ಠಾಣೆಯ ಬೆಂಚಿನ ಮೇಲೆ ನಾವು, ಬೆಂಚಿನ ಕಾಲಿಗೆ ಹುಂಜ. ಕೇಸು ಬಿದ್ದದ್ದು ನನ್ನ ಮೇಲೆ. ಆದರೆ ಠಾಣೆಯ ಕಾಗದದಲ್ಲಿ ಹುಡುಗನ ಹೆಸರು ಇತ್ತಲ್ಲ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ನಡೆದದ್ದನ್ನೆಲ್ಲ ನಾಲ್ಕು ಪುಟ ಬರೆದು, ಅವನ ಜೊತೆ ವಿದ್ಯಾನಗರಕ್ಕೆ ಹೋದೆ. ಆಫೀಸರ್ ಓದುತ್ತಾ ತುಟಿ ಬಿಗಿಹಿಡಿದಿದ್ದರು, ಕೋಪವೋ ನಗುವೋ ತಿಳಿಯಲಿಲ್ಲ. ಹುಡುಗನ ತಪ್ಪಿಲ್ಲ ಎಂದು ಮಂಡಳಿಗೆ ಬರೆಯುತ್ತೇನೆ, ನಿಮ್ಮ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದರು. ನಾನು ತಲೆಯಾಡಿಸಿದೆ. ಮುಂದಿನ ತಿಂಗಳು ಮಂಡಳಿ ಅವರ ಮಾತನ್ನು ಒಪ್ಪಿತು, ಸೀಟೂ ಸಿಕ್ಕಿತು.

ಆ ದಿನ ನಾವು ಕಚೇರಿಯಿಂದ ಏಳುವ ಹೊತ್ತಿಗೆ ಆಫೀಸರ್ ಹುಡುಗನನ್ನು ಒಂದು ಮಾತು ಕೇಳಿದ್ದರು. ಗಡಿ ದಾಟದಿದ್ದದ್ದು ಸರಿ, ಆದರೆ ತೋಡಿನ ಬದಿಯಲ್ಲೇ ಎಲ್ಲಾದರೂ ಅಡಗಬಹುದಿತ್ತಲ್ಲ, ಯಾಕೆ ನಿಂತೆ?

ಅವನು ನನ್ನ ಕಡೆ ನೋಡದೆ ಹೇಳಿದ, "ಮಾಷ್ಟ್ರು ದಾಟಿ ಆಗಿತ್ತು ಮೇಡಂ. ವಾಪಸ್ ಬರ್ತಾರಾ ನೋಡುವ ಅಂತ ನಿಂತೆ."

ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅವನಿಗೆ ಬಿಟ್ಟುಕೊಟ್ಟೆ. ಮಂಜೇಶ್ವರ ಬರುವವರೆಗೂ ನಾನು ಅವನಿಗೆ ಒಂದು ಬುದ್ಧಿಮಾತೂ ಹೇಳಲಿಲ್ಲ.