ಸೋತ ಮೇಲಿನ ಗಜಗಳು ಲೆಕ್ಕಕ್ಕಿಲ್ಲ

ಭಾನುವಾರ. ಇನ್ನೂ ಬೆಳಕು ಹರಿದಿಲ್ಲ. ಅಲಬಾಮದ ಈ ಪುಟ್ಟ ಕಾಲೇಜು ಊರು ನಿನ್ನೆಯ ಸೋಲನ್ನು ಹೊದ್ದು ಮಲಗಿದೆ. ಕ್ರೀಡಾಂಗಣದ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ವರ್ನಾ ಪಿಟ್‌ಮನ್ ಎದ್ದು ಕೂತಿದ್ದಾರೆ. ಇಲ್ಲಿನ ಫುಟ್‌ಬಾಲ್ ಕೈಯಾಟ. ದಾಳಿಯೆಲ್ಲ ಶುರುವಾಗುವುದು ಕ್ವಾರ್ಟರ್‌ಬ್ಯಾಕ್ ಹುಡುಗನ ಎಸೆತದಿಂದ. ಪರದೆಯ ಮೇಲೆ ಅವನು ಚೆಂಡೆಸೆಯುತ್ತಾನೆ. ವರ್ನಾ ನಿಲ್ಲಿಸುತ್ತಾರೆ, ಹಿಂದಕ್ಕೆ ಓಡಿಸುತ್ತಾರೆ, ಮತ್ತೆ ನೋಡುತ್ತಾರೆ. ಬೆಣ್ಣೆ ಹಾಕಿದ ಮೆಕ್ಕೆಜೋಳದ ಗಂಜಿ ಪಕ್ಕದಲ್ಲಿ ಆರುತ್ತಿದೆ.

"ಇಲ್ನೋಡಿ, ಇದು ಕೊನೇ ಅವಕಾಶ, ಎಂಟು ಗಜ ದಾಟ್ಲೇಬೇಕಿತ್ತು, ಇಲ್ದಿದ್ರೆ ಚೆಂಡು ಅವ್ರಿಗೆ. ಇವ್ನು ಮೂರು ಗಜಕ್ಕೆ ಎಸ್ದ. ನಮ್ಮವ್ನು ಹಿಡ್ದ ಅಂತ ಪೇಪರ್ನಲ್ಲಿ ಇದು ಒಳ್ಳೇ ಎಸೆತ. ಆದ್ರೆ ಚೆಂಡು ಅವ್ರ ಪಾಲಾಯ್ತಲ್ಲ! ಇದ್ರಲ್ಲಿ, ಎದೆಗೇ ತಂದಿಟ್ಟ ಚೆಂಡನ್ನ ಹಿಡಿಯೋನು ಕೈಬಿಟ್ಟ. ಅದು ಎಸೆದೋನ ತಪ್ಪಾ?"

ಒಂದೊಂದು ಎಸೆತವೂ ಗೆಲುವನ್ನು ಎಷ್ಟು ಹತ್ತಿರ ತಂದಿತು, ಎಷ್ಟು ದೂರ ತಳ್ಳಿತು ಎಂದು ಅಳೆಯುವುದು ಅವರ ಕೆಲಸ. ಪಂದ್ಯ ಕೈತಪ್ಪಿ, ಎದುರಾಳಿ ತನ್ನ ಮುಖ್ಯ ಆಟಗಾರರನ್ನು ಹೊರಗೆ ಕೂರಿಸಿದ ಮೇಲೆ ಚೆಂಡು ಮುಂದೆ ಸಾಗಿದ ಗಜಗಳಿಗೆ ಅವರಲ್ಲಿ ಬೆಲೆಯಿಲ್ಲ. ಶಾಲಾ ತಂಡದ ಕೋಚ್ ಆಗಿದ್ದ ಗಂಡ ಆರಿನ್ ಜೊತೆ ಅಡುಗೆಮನೆಯಲ್ಲಿ ಪಂದ್ಯಗಳ ಟೇಪು ನೋಡುತ್ತಾ ಕಲಿತ ವಿದ್ಯೆ ಇದು. ಅವರು ತೀರಿಕೊಂಡ ಮೇಲೆ ಇದೇ ಅನ್ನಕ್ಕೂ ದಾರಿಯಾಯಿತು.

ಕೆಲವು ವರ್ಷಗಳ ಹಿಂದೆ ಊರು ತಲೆಯ ಮೇಲೆ ಹೊತ್ತು ಮೆರೆಸಿದ ಕ್ವಾರ್ಟರ್‌ಬ್ಯಾಕ್ ಕೇಡ್. ಪಕ್ಕದ ಮನೆಯ ಜೋಲೀನ್‌ಳ ಮಗ. ಆರಿನ್ ಹಾಸಿಗೆ ಹಿಡಿದಾಗ ವರ್ನಾಗೆ ಊಟ ತಂದುಕೊಟ್ಟವಳು ಜೋಲೀನ್. ಪತ್ರಿಕೆಗಳ ತುಂಬ ಕೇಡ್ ಗಳಿಸಿದ ಗಜಗಳು. ತಂಡ ಮಾತ್ರ ಸೋಲುತ್ತಿತ್ತು. ಒಂದು ದಿನ ಕಾಲೇಜು ತಂಡದ ಕೋಚ್ ಸ್ಟ್ರಿಕ್‌ಲ್ಯಾಂಡ್ ಈ ಕೋಣೆಗೆ ಬಂದು ಬಾಗಿಲು ಹಾಕಿದರು.

"ಸುತ್ತಿ ಬಳಸೋದು ಬೇಡ, ವರ್ನಾ ಮೇಡಂ. ಕೇಡ್‌ನ ಕೂರಿಸ್ಲಾ?"

ವರ್ನಾ ಪರದೆ ನಿಲ್ಲಿಸಿದರು. "ಆಟ ಬಿಗಿಯಾದಾಗೆಲ್ಲ ಅವ್ನ ಎಸೆತ ಕೆಡ್ತಿದೆ, ಕೋಚ್. ಇನ್ನೊಬ್ಬ ಹುಡುಗಂದು ಕೆಡ್ತಿಲ್ಲ. ಕೂರಿಸಿ."

ಮುಂದಿನ ಶನಿವಾರ ಕೇಡ್ ಬೆಂಚಿನ ಮೇಲಿದ್ದ. ವಿಷಯ ಹೇಗೋ ಹೊರಬಿತ್ತು. ಜೋಲೀನ್ ಬಾಗಿಲಲ್ಲೇ ನಿಂತು ಕೇಳಿದಳು: "ನನ್ನ ಕೈಯೂಟ ಉಂಡೋಳಲ್ವೇನೇ ನೀನು? ನನ್ನ ಮಗನ ಮೇಲೇ ಹೀಗೆ ಹೇಳೋಕೆ ಬಾಯಾದ್ರೂ ಹೇಗ್ ಬಂತು?" ಆಮೇಲೆ ಚರ್ಚಿನಲ್ಲೂ ಅವಳು ಬೇರೆ ಸಾಲಿನಲ್ಲಿ ಕೂರತೊಡಗಿದಳು.

"ಸುಳ್ಳು ಹೇಳ್ಬೋದಿತ್ತು," ಎನ್ನುತ್ತಾರೆ ವರ್ನಾ. "ಆಗ ಇನ್ನೊಬ್ಬ ತಾಯಿ ಮಗ ಬೆಂಚಲ್ಲೇ ಕೂತಿರ್ತಿದ್ದ."

ಒಂದು ಬೆಳಿಗ್ಗೆ ಕೇಡ್ ತಾನೇ ಬಂದ. "ತೋರ್ಸಿ, ಮ್ಯಾಮ್," ಎಂದ. ಇಬ್ಬರೂ ಅವನ ಎಸೆತಗಳನ್ನೆಲ್ಲ ನೋಡಿದರು. ಕೊನೆಗೆ ಅವನು ಮೆಲ್ಲಗೆ ಹೇಳಿದ: "ಮೈಮೇಲೆ ಬೀಳ್ತಾರೆ ಅನ್ನೋ ಹೆದರಿಕೆಗೆ ನನ್ನ ಕಣ್ಣು ನೆಲಕ್ಕೆ ಹೋಗ್ತಿದೆ." ಕಾಲೇಜಿನಲ್ಲಿ ಅವನಿಗೆ ಆ ಜಾಗ ಮತ್ತೆ ಸಿಗಲಿಲ್ಲ. ಈಗ ಪಕ್ಕದೂರಿನ ಶಾಲೆಯಲ್ಲಿ ಕೋಚ್. ತನ್ನ ಹುಡುಗರ ಪಂದ್ಯಗಳನ್ನು ವರ್ನಾಗೇ ಕಳಿಸುತ್ತಾನೆ. ಅವನ ತಾಯಿ ಮಾತ್ರ ಇನ್ನೂ ಮಾತಾಡಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ವರ್ನಾ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

"ಜೋಲೀನ್ ಒಂದ್ಸಲ ಬಂದು ಪಕ್ಕದಲ್ಲಿ ಕೂರ್ಲಿ. ಕೇಡ್‌ನ ಒಳ್ಳೇ ಎಸೆತಗಳೂ ಬೇಕಾದಷ್ಟಿವೆ. ಯಾವ್ದು ಯಾಕೆ ಒಳ್ಳೇದು ಅಂತ ಅವ್ಳಿಗೆ ಯಾರೂ ತೋರ್ಸೇ ಇಲ್ಲ."